ಟ್ಯಾಂಕರ್ ಪಾಳಿಯೊಳಗ ಹುಟ್ಟಿದ ವೀರರು

ನಾ ಸುಮ್ನ ಕುಂತರೂ ಇಂಥಾ ನಗಿ ಪ್ರಸಂಗ ನನ್ನ ಹುಡಿಕ್ಯಾಡಿಕೊಂಡೇ ಬರ್ತಾವ. ಎಂಟನೇತ್ತಕ್ಕ ಸಾಲಿ ಬಿಟ್ಟವ ನಾನು. ಆ ಬರದ ವರ್ಷ ಭಾಲ್ಕಿಯೊಳಗ ನನ್ನ ಕೆಲಸ ಅಂದ್ರ ನೀರಿನ ಟ್ಯಾಂಕರಿನ ಪಾಳಿಗಿ ಕೊಡ ಇಟ್ಟು ಕಾಯೋದು, ಕಾಯೋರನ್ನ ನಗಸೋದು.

೧. ಹದಿನೆಂಟರ ಮ್ಯಾಲ

ನಮ್ಮ ಓಣಿಯ ದವಾಖಾನಿ ನರ್ಸಬಾಯಿ ಮಗ ಬೀದರದಾಗಿನ ಅಣ್ಣನ ಕಡಿಂದ ಒಂದು ಆಟ ಕಲ್ತು ಬಂದಿದ್ದ. ಆಡೋ ಮೊದಲು ಒಬ್ಬೊಬ್ಬರೂ ಒಬ್ಬ ವೀರನ್ನ ಹುಟ್ಟಸಬೇಕು. ಅವನ ಶಕ್ತಿ ಎಷ್ಟು, ಬುದ್ಧಿ ಎಷ್ಟು ಅಂತ ದಾಳ ಹೇಳತಾವ. ನಾಕು ದಾಳ ಒಗಿ, ಎಲ್ಲಕ್ಕಿಂತ ಸಣ್ಣದು ಬಿಡು, ಉಳಿದ ಮೂರು ಕೂಡಿಸು. ಹದಿನೆಂಟರ ಮ್ಯಾಲ ಹೋಗಂಗಿಲ್ಲ.

ನಾ ಮೊದಲನೇ ದಾಳ ಒಗದೆ, ಆರು ಬಿತ್ತು. ನಮ್ಮ ಚೌಕಾಬಾರದಾಗ ದೊಡ್ಡದು ಬಿದ್ದರ ಮತ್ತೊಮ್ಮಿ ಒಗೀಬೇಕಲ್ಲ, ಒಗದೆ. ಮತ್ತ ಆರು. ಹಿಂಗ ಕೂಡಿಸ್ಕೋತ ಹೋಗಿ ನನ್ನ ವೀರನ ಶಕ್ತಿ ನಲವತ್ತೊಂದು ಆಯ್ತು. ನರ್ಸಬಾಯಿ ಮಗ ತಲಿ ಹಿಡಕೊಂಡು ಕುಂತ. ಪಾಳಿಯೊಳಗ ಹಿಂದ ನಿಂತ ಕಾಕಿ ಕೇಳಿದಳು, "ನಲವತ್ತೊಂದು ಇದ್ದವ ಎರಡು ಕೊಡ ಒಯ್ಲಾಕ ದಾರಿಯೊಳಗ ಕುಂತು ಕುಂತು ಯಾಕ ಹೋಗ್ತಾನ?"

೨. ಬಿಟ್ಟ ದಾಳ

ನನ್ನ ದೋಸ್ತ ಔರಾದ ಕಡಿ ಹುಡುಗ. ಭಾಲ್ಕಿಯೊಳಗ ಆಯಿ, ಅಂದ್ರ ತಾಯಿಯ ತಾಯಿ, ಮನ್ಯಾಗಿದ್ದು ಸಾಲಿ ಕಲೀತಿದ್ದ. ಅವನ ಅಪ್ಪ ಅವ್ವ ದುಡಿಲಾಕ ಹೈದರಾಬಾದಿಗಿ ಹೊಂಟಿದ್ದರು. ಇವನ್ನೂ ಒಯ್ಯೋದು ಅಂತ ಅಪ್ಪ ಹೇಳಿ ಕಳಿಸಿದ್ದ. ಇವಗ ಸಾಲಿ ಬಿಡೋ ಮನಸ್ಸಿಲ್ಲ. ಹೋಗೋದರೊಳಗ ನಂದೂ ಒಬ್ಬ ವೀರ ಇರಲಿ ಅಂತ ಶಕ್ತಿಗಿ ದಾಳ ಒಗದ. ನಾಕರಾಗೂ ಒಂದೊಂದೇ ಬಿತ್ತು. ಒಂದು ಬಿಟ್ಟರ ಮೂರು. ಅದಕ್ಕಿಂತ ಕಡಿಮಿ ಬೀಳಲಾಕ ಬರೋದೇ ಇಲ್ಲ.

ಆಯಿಗಿ ಸಿಟ್ಟು ಬಂತು. ಇಂಥಾ ವರ್ಷ ಬಿದ್ದದ್ದನ್ನ ಯಾರರೆ ಬಿಡತಾರೇನು, ಕೈ ತೊಳದ ನೀರೂ ನಾ ಗಿಡಕ್ಕ ಹಾಕ್ತೇನಿ, ಬಿಟ್ಟ ದಾಳ ಮೊಮ್ಮಗನಿಗಿ ಕೂಡಿಸ್ರಿ ಅಂತ ಹಟ ಹಿಡದಳು. ಟ್ಯಾಂಕರ್ ಬಂದರೂ ಜಗಳ ಬಿಡಲಿಲ್ಲ, ಟ್ಯಾಂಕರ್ ಹೋತು, ಆಕಿ ಕೊಡ ಖಾಲಿ. ಕಡಿಗಿ ಶಕ್ತಿ ಮೂರು ಇದ್ದವನೇ ಆಚಿ ಓಣಿಯಿಂದ ಎರಡು ಕೊಡ ಹೊತ್ತು ತಂದ.

೩. ತಪಾಸಣಿ

ಹೊರಡೋ ದಿನ ಬಸ್‌ಸ್ಟ್ಯಾಂಡಿಗಿ ಎಲ್ಲಾರೂ ಹೋದೆವು. ಕೆಲಸಕ್ಕ ಮಂದಿ ಒಯ್ಯೋ ಮುಕಾದಮ ನನ್ನ ದೋಸ್ತನ ತೋಳು ಹಿಚುಕಿ ನೋಡಿ, ಇಟ್ಟಿಗಿ ಹೊರಲಾಕ ಆಗ್ತಾನ ಅಂದ. ಅವನ ಅವ್ವ ನೆಲ ನೋಡಿದಳು. ದೋಸ್ತ ನನ್ನ ನೋಡಿದ. ನಗಸೋದು ಬಿಟ್ಟರ ನನಗೇನು ಬರ್ತದ?

"ಮುಕಾದಮ ಸಾಬ್, ಇವನ ಶಕ್ತಿ ಮೂರೇ ಅದರಿ" ಅಂದೆ.

ಯಾರು ಹೇಳ್ಯಾರ ಅಂದ. ನರ್ಸಬಾಯಿ ಮಗನ್ನ ಮುಂದ ದೂಡಿದೆ. ಸುಳ್ಳು ಹೇಳಲಾಕ ಬರದ ಹುಡುಗ ಅವ.

"ಹೌದ್ರಿ, ಹದಿನೆಂಟಕ್ಕ ಮೂರು. ನಾನೇ ನೋಡೀನಿ."

ಅವನ ತಾಯಿ ನರ್ಸ್ ಅಂತ ಮುಕಾದಮಗ ಗೊತ್ತಿತ್ತು. ದವಾಖಾನಿ ತಪಾಸಣಿ ಅಂತ ತಿಳಕೊಂಡ. ಮಾರಿ ಸಣ್ಣದಾಯ್ತು. ಎಲ್ಲೋ ತಪ್ಪಿರಬೇಕು ನೋಡ್ರಿ ಅಂದ.

ಆಯಿ ಸೆರಗು ಸರಿ ಮಾಡಿಕೊಂಡಳು. "ಇಲ್ಲರಿಯಪ್ಪ, ನಾ ಎಷ್ಟು ಜಗಳಾಡಿದೆ. ಬಿಟ್ಟದ್ದು ಕೂಡಿಸಿದರೂ ನಾಕೇ."

ಇಂಥವ ಕೆಲಸದ ಮ್ಯಾಲ ಬಿದ್ದರ ನನ್ನ ಕೊರಳಿಗಿ ಬರ್ತದ, ಇಲ್ಲೇ ಸಾಲಿ ಕಲೀಲಿ ಬಿಡ್ರಿ ಅಂದ ಮುಕಾದಮ. ಅಪ್ಪ ಸುಮ್ನ ಹೂಂ ಅಂದ. ಅವ್ವ ಬಸ್ ಹತ್ತಿ ಸೆರಗು ಬಾಯಿಗಿ ಹಿಡಕೊಂಡಳು, ನಗತಿದ್ದಳೋ ಅಳತಿದ್ದಳೋ.

ಬಸ್ ಹೊಂಟಿತು. ಕಿಡಕಿಯೊಳಗಿಂದ ಮುಕಾದಮ ಕುತ್ತಿಗಿ ಹೊರಗ ಹಾಕಿ ನರ್ಸಬಾಯಿ ಮಗನ್ನ ಕರದ, "ತಮ್ಮಾ, ನನ್ನ ಮೊಣಕಾಲು ಭಾಳ ಹಿಡದಾವ. ಬಂದಾಗ ನಂದೂ ಒಮ್ಮಿ ನೋಡೋ."

ಬಸ್ ಕಾಣದಂಗ ಆಗೋ ತನಕ ಆಯಿ ನೋಡಿದಳು. ಆಮ್ಯಾಲ ಅಂದಳು, "ಪಾಪ, ಆ ಬಿಟ್ಟ ದಾಳ ಮುಕಾದಮಗರೆ ಕೂಡಿಸಬೇಕಿತ್ತು."