ಗಟ್ಟಿ ಬೇಲಿ, ಸಡಿಲ ಕರುಳು

ಹೊಟ್ಟೆಯ ಸಂಗತಿಯನ್ನು ನಾಲ್ಕು ಜನರ ಮುಂದೆ ಹೇಳಬಾರದು ಎನ್ನುತ್ತಾರೆ. ನಾನು ಹೇಳಿಯೇ ಬಿಡುತ್ತೇನೆ, ಏಕೆಂದರೆ ಕಲ್ಲೂರಿನ ಚಹಾದಂಗಡಿಯಲ್ಲಿ ಅದನ್ನು ಕೇಳದವರು ಯಾರೂ ಉಳಿದಿಲ್ಲ. ನಮ್ಮದು ಯಾವ ಕಾಲದಲ್ಲೋ ಕರ್ನಾಟಕದಿಂದ ಬಂದು ವಯನಾಡಿನಲ್ಲಿ ಗದ್ದೆ, ಕಾಫಿ ಮಾಡಿಕೊಂಡು ನೆಲೆನಿಂತ ಜೈನರ ಮನೆ. ನಾವು ಎರಡು ಮಡಿಕೆ ಬಟ್ಟೆಯಲ್ಲಿ ಸೋಸದೆ ನೀರು ಕುಡಿದವರಲ್ಲ, ಹೊತ್ತು ಮುಳುಗಿದ ಮೇಲೆ ಉಂಡವರಲ್ಲ, ನೆಲದಡಿ ಬೆಳೆದ ಗೆಡ್ಡೆ ಮುಟ್ಟಿದವರಲ್ಲ. ಇಷ್ಟು ಕಾವಲಿರುವ ಹೊಟ್ಟೆಗೆ ಬೇಡದ್ದು ನುಗ್ಗುವುದಾದರೂ ಹೇಗೆ ಎಂಬ ಜಂಬ ನನಗಿತ್ತು. ಒಂದು ವರ್ಷ ಆ ಜಂಬ ಇಳಿಯತೊಡಗಿತು, ಜೊತೆಗೆ ಮೈಯೂ. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ, ಹೊಟ್ಟೆಯಲ್ಲೂ ನಿಲ್ಲುತ್ತಿರಲಿಲ್ಲ. ಪಂಚೆ ಜಾರದಿರಲೆಂದು ಕಟ್ಟಿಕೊಂಡ ಬೆಲ್ಟೇ ಜಾರುವ ಸ್ಥಿತಿ ಬಂತು.

ಅದಕ್ಕೆ ಮದ್ದೆಂದು ನಾನು ಇನ್ನಷ್ಟು ಚಪಾತಿ ತಿಂದೆ. ಸಕ್ಕರೆ ಕಾಯಿಲೆಯ ಹೆದರಿಕೆಯಿಂದ ಆಗ ಊರೆಲ್ಲ ರಾತ್ರಿಯ ಅನ್ನ ಬಿಟ್ಟು ಚಪಾತಿ ಹಿಡಿದಿತ್ತು. ನಮ್ಮ ಮನೆಯಲ್ಲಿ ಆ ಭಕ್ತಿ ಸಂಜೆ ಐದಕ್ಕೇ ಶುರು. ಬೇಲಿಯಾಚೆಯ ಕಾಡಂಚಿನ ಆದಿವಾಸಿಗಳ ಹಾಡಿಯಿಂದ ಮಾದಿ ಎಂಬ ಮುದುಕಿ ಬರುತ್ತಿದ್ದಳು. ಬೇಲಿಯ ನಡುವೆ ಒಂದು ತಡಮೆಯಿತ್ತು. ಮನುಷ್ಯ ಕಾಲೆತ್ತಿ ದಾಟಬಹುದು, ದನ ದಾಟಲಾರದು, ಅಷ್ಟೇ ಅದರ ವಿದ್ಯೆ. ಮಾದಿ ಅದನ್ನು ದಾಟಿ ಬಂದು, ಮಡಿಲಲ್ಲಿ ತಂದ ರಾಗಿ ಸುರಿದು, ಮಜ್ಜಿಗೆ ಕುಡಿದು, ಮೆಟ್ಟಿಲ ಮೇಲೆ ಕೂತು ನನ್ನನ್ನು ಬೈದು ಹೋಗುತ್ತಿದ್ದಳು. "ಏನ್ ಗೌಡ್ರೆ, ಒಣಮೀನಾಗ್ಬುಟ್ರಲ್ಲ! ಮುತ್ತಾರಿ ಗಂಜಿ ಕುಡೀರಿ ಅಂದ್ರೆ ಕೇಳಕಿಲ್ಲ!" ವಯನಾಡಿನಲ್ಲಿ ಜೈನರನ್ನೂ ಗೌಡರೆಂದೇ ಕರೆಯುವುದು. ಆದರೆ ಜೈನನಿಗೆ ಒಣಮೀನಿನ ಹೋಲಿಕೆ ಕೊಡುವ ಧೈರ್ಯ ಅವಳೊಬ್ಬಳಿಗೇ. ಮಲಯಾಳದಲ್ಲಿ ಮುತ್ತಾರಿ ಎಂದರೆ ರಾಗಿ. ಅದನ್ನು ನಾವು ಕರು ಹಾಕಿದ ಹಸುವಿಗೆ ಬೇಯಿಸಿ ಹಾಕುತ್ತಿದ್ದೆವು. ನನ್ನ ಮಕ್ಕಳು ಮಲಯಾಳದಲ್ಲೇ ಜಗಳವಾಡುತ್ತವೆ, ಹೆಂಡತಿ ಪದ್ಮ ಮಲಯಾಳದಲ್ಲೇ ಲೆಕ್ಕ ಹಾಕುತ್ತಾಳೆ. ದಿನಕ್ಕೊಮ್ಮೆ ಕನ್ನಡದಲ್ಲಿ ಬೈಸಿಕೊಳ್ಳುವ ಸುಖ ನನಗಿದ್ದದ್ದು ಆ ತಡಮೆಯಿಂದ.

ಕೊನೆಗೆ ಕೋಳಿಕ್ಕೋಡಿನ ದೊಡ್ಡ ಆಸ್ಪತ್ರೆಗೆ ಸೇರಿದೆ. ಅಲ್ಲಿನ ಡಾಕ್ಟರು ಚಿತ್ರ ಬರೆದು ವಿವರಿಸಿದರು. ಕರುಳಿನ ಒಳಗೋಡೆಯಲ್ಲಿ ಜೀವಕೋಶಗಳು ಮೈಗೆ ಮೈ ತಾಗಿಸಿ ನಿಂತಿರುತ್ತವಂತೆ. ನಡುವಿನ ಸಂದನ್ನು ಕೆಲವು ಪ್ರೋಟೀನುಗಳು ಹೊಲಿಗೆ ಹಾಕಿದ ಹಾಗೆ ಹಿಡಿದಿರುತ್ತವಂತೆ. ಒಂದರ ಹೆಸರು ಕ್ಲಾಡಿನ್, ಇನ್ನೊಂದರದ್ದು ಒಕ್ಲೂಡಿನ್. ಹಿಂದೆ ನಮ್ಮ ಕಡೆಯ ಚಹಾ ತೋಟಗಳಲ್ಲಿದ್ದ ಬಿಳಿ ದೊರೆಗಳ ಹೆಸರಿನ ಹಾಗೆ ಕೇಳಿಸಿತು. ಅಂಥ ದೊರೆಗಳು ಸಂಬಳವಿಲ್ಲದೆ ನನ್ನ ಕರುಳಲ್ಲಿ ಕಾವಲು ಕಾಯುತ್ತಿದ್ದದ್ದು ತಿಳಿದು ನಾಚಿಕೆಯಾಯಿತು. ನನ್ನ ಮೈಗೆ ಗೋಧಿ ಆಗದಂತೆ. ಗೋಧಿಯ ಅಂಟಿನಂಶ ಆ ಹೊಲಿಗೆಯನ್ನು ಸಡಿಲಿಸಿ ಒಳಗೆ ನುಗ್ಗುತ್ತದೆ, ಅದನ್ನು ಕಂಡು ರೇಗಿದ ಮೈಯ ರಕ್ಷಣಾಪಡೆ ಸ್ವಂತ ಕರುಳನ್ನೇ ಹೊಡೆಯುತ್ತದೆ ಎಂದರು. "ಹಾಗಿದ್ದರೆ ಆ ಸಂದುಗಳನ್ನೆಲ್ಲ ಪೂರ್ತಿ ಮುಚ್ಚುವ ಮಾತ್ರೆ ಕೊಡಿ ಸಾರ್" ಎಂದೆ. ಡಾಕ್ಟರು ನಕ್ಕರು. "ಪೂರ್ತಿ ಮುಚ್ಚಿದರೂ ಕಷ್ಟ. ನೀರು, ಉಪ್ಪು ಆ ಸಂದಿನಲ್ಲೂ ಓಡಾಡಬೇಕು. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಅಂತ ಗೊತ್ತಿರೋದೇ ಆರೋಗ್ಯ." ನನಗೆ ತಕ್ಷಣ ಅರ್ಥವಾಯಿತು. ನಮ್ಮ ತಡಮೆಯ ಕೆಲಸವೂ ಅದೇ ಅಲ್ಲವೇ? ಗೋಧಿ ಬಿಟ್ಟು ಅನ್ನ ತಿನ್ನಿ, ರಾಗಿ ತಿನ್ನಿ ಎಂದು ಹೇಳಿ ಕಳಿಸಿದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾದಿಗೆ ಈ ಸುದ್ದಿ ಹೇಳುವುದನ್ನೇ ಯೋಚಿಸಿದೆ. ಅವಳ ಬೈಗುಳಕ್ಕೆ ಕೋಳಿಕ್ಕೋಡಿನ ಡಾಕ್ಟರ ಮುದ್ರೆ ಬಿದ್ದಿತ್ತು.

ಮನೆಗೆ ಬಂದು ನೋಡಿದರೆ ತಡಮೆಯೇ ಇಲ್ಲ. ಆಳೆತ್ತರದ ಮುಳ್ಳುತಂತಿ. ಅದು ಆದಿವಾಸಿಗಳು ಭೂಮಿ ಕೇಳಿ ಕಾಡಿನೊಳಗೆ ಗುಡಿಸಲು ಹಾಕಿದ್ದ ಕಾಲ. ರಸ್ತೆಯಲ್ಲಿ ಪೋಲೀಸ್ ಜೀಪು, ಅಂಗಡಿಯಲ್ಲಿ ನಕ್ಸಲರ ಬಗ್ಗೆ ಗುಸುಗುಸು. ನಾನು ಆಸ್ಪತ್ರೆಯಲ್ಲಿದ್ದಾಗ ನನ್ನ ಅಣ್ಣ, ಸ್ವಂತ ನೆರಳು ಕಂಡರೂ ಯಾರೆಂದು ಕೇಳುವ ಮನುಷ್ಯ, ಬೇಲಿಯನ್ನು ಬಿಗಿಸಿಬಿಟ್ಟಿದ್ದ. "ನಿನ್ನ ಕರುಳು ಸೋರಿದ್ದು ಸಾಲದೇ? ಜಾಗವೂ ಸೋರಬೇಕಾ?" ಎಂದ. ಮಾದಿಯಿಂದ ಯಾವ ಅಪಾಯ ಎಂದು ಕೇಳಿದೆ. "ಮಾದಿ ಅಲ್ಲ, ಮಾದಿಯ ಹಿಂದೆ ಯಾರು ಬರ್ತಾರೋ ಯಾರು ಕಂಡ್ರು?" ಎಂದ. ಅವಳ ಹಿಂದೆ ಇಷ್ಟು ವರ್ಷದಲ್ಲಿ ಬಂದದ್ದು ಒಂದು ಕುಂಟು ನಾಯಿ ಮಾತ್ರ.

ಮಾರನೆಯ ದಿನ ರಸ್ತೆ ಬಳಸಿ ಹಾಡಿಗೆ ಹೋದೆ. ಮಾದಿ ಗುಡಿಸಲ ಮುಂದೆ ರಾಗಿ ಕೇರುತ್ತಿದ್ದಳು. ಅವಳ ಮಗಳು ಭೂಮಿ ಕೇಳುವವರ ಜೊತೆ ಕಾಡಿನ ಗುಡಿಸಲಲ್ಲಿದ್ದಳು, ಪೋಲೀಸರು ಹಾಡಿಗೆ ಎರಡು ಸಲ ಬಂದು ಮಡಕೆಗಳನ್ನೂ ಬಿಡದೆ ಹುಡುಕಿದ್ದರು. ನಾನು ಕ್ಲಾಡಿನ್ ದೊರೆಯ ಕತೆಯನ್ನೆಲ್ಲ ಹೇಳಿದೆ. ಅವಳು ನಗಲಿಲ್ಲ, ಬೈಯಲೂ ಇಲ್ಲ. ಮೊರದಲ್ಲಿದ್ದ ರಾಗಿಯನ್ನೆಲ್ಲ ನನ್ನ ಚೀಲಕ್ಕೆ ಸುರಿದಳು.

"ಮನೆ ಕಡೆ ಬಾ ಮಾದಿ" ಎಂದೆ.

"ವಯ್ಯ ಗೌಡ್ರೆ, ಆಗಕಿಲ್ಲ. ರೋಡಲ್ಲಿ ಬಂದ್ರೆ ಪೋಲೀಸು ಎಲ್ಲಿಗೆ ಅಂತಾನೆ. ಬೇಲೀಲಿ ಬರಣ ಅಂದ್ರೆ ನೀವೇ ಮುಚ್ಚೀರಿ."

'ನೀವೇ' ಎಂಬ ಆ ಮಾತಿನಲ್ಲಿ ಅಣ್ಣನ ಜೊತೆ ನಾನೂ ಸೇರಿದ್ದೆ. ಅದು ಇವತ್ತಿಗೂ ಚುಚ್ಚುತ್ತದೆ.

ಅಣ್ಣನನ್ನು ಒಪ್ಪಿಸಲು ಮಳೆಗಾಲ ಪೂರ್ತಿ ಹಿಡಿಯಿತು. ತಂತಿ ಕತ್ತರಿಸಿ, ಹಲಸಿನ ಕಂಬ ನೆಟ್ಟು ಹೊಸ ತಡಮೆ ಮಾಡಿಸಿ, ಕರೆಯಲು ಹೋದರೆ ಗುಡಿಸಲಿಗೆ ಬಾಗಿಲಿರಲಿಲ್ಲ. ಮಗಳನ್ನು ಕರೆದುಕೊಂಡು ಗಡಿಯಾಚೆ ಯಾರೋ ನೆಂಟರ ಹಾಡಿಗೆ ಹೋದಳು ಎಂದರು ಅಕ್ಕಪಕ್ಕದ ಗುಡಿಸಲಿನವರು. ಯಾವ ಹಾಡಿ ಎಂದು ಯಾರೂ ಹೇಳಲಿಲ್ಲ. ನಾನೂ ಬೇಲಿಯ ಈಚೆಯವನಲ್ಲವೇ, ಹೇಳಬೇಕಾದರೂ ಯಾಕೆ?

ಈಗ ಗೋಧಿ ಬಿಟ್ಟಿದ್ದೇನೆ. ಅಂಗಡಿಯಿಂದ ತಂದ ರಾಗಿಯ ಗಂಜಿ ಕುಡಿಯುತ್ತೇನೆ. ಹೊಲಿಗೆಗಳೆಲ್ಲ ಮತ್ತೆ ಕೂಡಿಕೊಂಡಿವೆ ಎಂದು ಡಾಕ್ಟರು ಬೆನ್ನು ತಟ್ಟಿದರು. ಮೈ ತುಂಬಿಕೊಂಡಿದೆ, ಒಣಮೀನು ಎನ್ನಲು ಅವಳಿಗೇನೂ ಸಿಗದು. ಬೆಳಿಗ್ಗೆ ಎದ್ದು ಹೋಗಿ ತಡಮೆಯನ್ನು ಆಚೆಗೊಮ್ಮೆ ದಾಟಿ ಈಚೆಗೊಮ್ಮೆ ದಾಟುತ್ತೇನೆ. ಯಾರೂ ನಡೆಯದಿದ್ದರೆ ಬಳ್ಳಿ ಹಬ್ಬಿ ಮುಚ್ಚಿಹೋಗುತ್ತದೆ. ಜಗಲಿಯಿಂದ ಅಣ್ಣ, "ಅದೇನು ದಿನಾ ನಿನ್ನ ಕುಣಿತ?" ಎಂದು ಕೂಗುತ್ತಾನೆ. "ಹೊಟ್ಟೆಗೆ ಒಳ್ಳೇದಂತೆ, ಡಾಕ್ಟರು ಹೇಳಿದ್ದಾರೆ" ಎನ್ನುತ್ತೇನೆ.

ಡಾಕ್ಟರು ಹಾಗೇನೂ ಹೇಳಿಲ್ಲ.