ಚಿಲಕವಿರುವ ಕೋಣೆ

ಮನೆ ಮಾರುತ್ತೇನೆಂದು ಕರಾರಿಗೆ ಸಹಿ ಹಾಕಿ ಮುಂಗಡವನ್ನೂ ತೆಗೆದುಕೊಂಡಿದ್ದ ಡ್ರಾಯಿಂಗ್ ಟೀಚರು ಬೆಳಿಗ್ಗೆ ಫೋನು ಮಾಡಿ, "ಮನಸ್ಸು ಬದಲಾಯ್ತಮ್ಮ, ಕೊಡಲ್ಲ" ಎಂದಾಗ ಟೈಲರಮ್ಮನ ಬಾಯ್ತುಂಬ ಗುಂಡುಪಿನ್ನುಗಳಿದ್ದವು. ಬೈಯಲಿಕ್ಕೂ ಆಗಲಿಲ್ಲ.

ಎದುರಿಗೆ ಕೈ ಅಗಲಿಸಿ ನಿಂತಿದ್ದವಳು ವಕೀಲೆ. ಅವಳ ಕರಿಕೋಟಿಗೆ ಮೈತುಂಬ ಪಿನ್ನು ಚುಚ್ಚಿತ್ತು. ಅಲ್ಲಾಡುವಂತಿರಲಿಲ್ಲ, ಫೋನಿನ ಮಾತೆಲ್ಲ ಕಿವಿಗೆ ಬಿದ್ದಿತ್ತು, ಸಲಹೆ ಕೊಡದೆ ವಿಧಿಯಿರಲಿಲ್ಲ.

"ಎರಡು ದಾರಿ ಇದೆ. ಮುಂಗಡ ವಾಪಸ್ ತಗೊಂಡು, ಆದ ನಷ್ಟಾನೂ ಕೇಳೋದು. ಇಲ್ಲಾ, ನಂಗೆ ಮನೆನೇ ಬೇಕು ಅಂತ ಕೋರ್ಟಿಗೆ ಹೋಗೋದು. ಆದ್ರೆ ನೀವು ಕೊಳ್ಳೋಕೆ ಯಾವತ್ತೂ ತಯಾರಿದ್ರಿ ಅಂತ ತೋರಿಸ್ಬೇಕು. ಅಯ್ಯೋ, ಕಂಕುಳು! ಚುಚ್ತು!"

ಟೈಲರಮ್ಮನಿಗೆ ನಿಜಕ್ಕೂ ಬೇಕಿದ್ದುದು ಆ ಮನೆಯ ಒಂದು ಕೋಣೆ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ. ಮದುವೆಯಾದಾಗಿನಿಂದ ಅವಳ ಮಿಷನ್ನು ಗಂಡನ ಟೀವಿಗೂ ಅತ್ತೆಯ ಮಂಚಕ್ಕೂ ಮಧ್ಯೆ, ಬಸ್ಸಿನಲ್ಲಿ ಸೀಟು ಸಿಗದವರಂತೆ ಒತ್ತಿಕೊಂಡು ನಿಂತಿತ್ತು.

"ಬಿಡಬೇಡಿ ಅಕ್ಕಾ!" ಎಂದು ಮೆಟ್ಟಿಲು ಹತ್ತಿ ಬಂದಳು ಕೆಳಗಿನ ಮನೆಯ ಬ್ಯೂಟಿ ಪಾರ್ಲರಿನವಳು. ಟೈಲರಮ್ಮನ ಈಗಿನ ಮನೆಯನ್ನು ಕೊಳ್ಳಲು ಕರಾರು ಮಾಡಿಕೊಂಡು ಮುಂಗಡ ಕೊಟ್ಟಿದ್ದವಳು ಅವಳೇ. ಇವಳು ಹೊರಡುವುದಕ್ಕೆ ಇವಳಿಗಿಂತ ಅವಳಿಗೇ ಅವಸರ. "ಕೊಟ್ಟ ಮಾತು ಅಂದ್ರೆ ಹುಡುಗಾಟವಾ? ತಯಾರಿ ತೋರಿಸ್ಬೇಕು ತಾನೆ? ಮಿಷನ್ ಹೊರಿಸ್ಕೊಂಡು ಅವರ ಬಾಗಿಲಿಗೇ ಹೋಗಿ!"

"ತಯಾರಿ ಅಂದ್ರೆ ಅದಲ್ಲಮ್ಮ..." ಎಂದು ವಕೀಲೆ ಬಾಯಿ ತೆರೆಯುವಷ್ಟರಲ್ಲಿ ಮಿಷನ್ನು ಮೆಟ್ಟಿಲಿಳಿಯುತ್ತಿತ್ತು.

ತಳ್ಳುಗಾಡಿಯ ಹಿಂದೆ ಟೈಲರಮ್ಮ ಓಡುನಡಿಗೆಯಲ್ಲಿ ಹೊರಟಳು. ಬೀದಿಯ ತುದಿ ಮುಟ್ಟುವ ಮೊದಲೇ, ಅವಳು ಗಂಡನನ್ನು ಬಿಟ್ಟು ಹೊರಟಳೆಂಬ ಸುದ್ದಿ ಗಾಡಿಯನ್ನು ಹಿಂದೆ ಹಾಕಿ ಓಡಿತ್ತು.

ಟೀಚರು ಬಾಗಿಲು ತೆರೆದು ಅಲ್ಲೇ ನಿಂತರು. "ನಿಮ್ಮ ತಪ್ಪೇನಿಲ್ಲಮ್ಮ. ಇದನ್ನ ಮಾರಿ ತಂಗಿ ಮನೇಲಿ ಇರೋಣಾಂತಿದ್ದೆ, ಇದ್ದು ನೋಡ್ದೆ. ಒಂಚೂರೂ ನಿದ್ದೆ ಹತ್ತಲಿಲ್ಲ."

"ನಿಮ್ಮ ನಿದ್ದೆ ಕರಾರಿನಲ್ಲಿಲ್ಲ ಟೀಚರೇ. ಕೋರ್ಟಿಗೆ ಹೋಗ್ತೀನಿ."

ಟೀಚರ ಮುಖ ಸಣ್ಣದಾಯಿತು. "ಅಷ್ಟೆಲ್ಲ ಯಾಕೆ? ತಗೊಳ್ಳಿ, ಮನೆ ನಿಮ್ದೇ."

ಗೆದ್ದೆ! ಟೈಲರಮ್ಮ ನೇರ ಕೋಣೆಗೆ ನುಗ್ಗಿ ಚಿಲಕ ಹಾಕಿಕೊಂಡಳು. ಎಂಥ ಮೌನ! ಕೂತಳು. ಎದ್ದಳು. ಕಿಟಕಿ ತೆರೆದಳು, ಮುಚ್ಚಿದಳು. ಇಷ್ಟು ವರ್ಷ ಗದ್ದಲದ ನೆಪ ಹೇಳಿ ಮುಂದೆ ತಳ್ಳಿದ್ದ ಯೋಚನೆಗಳೆಲ್ಲ ಗಿರಾಕಿಗಳಂತೆ ಸಾಲುಗಟ್ಟಿ ನಿಂತು, "ನಮ್ದು ಯಾವಾಗ ಕೊಡ್ತೀರಿ?" ಎಂದು ಕೇಳತೊಡಗಿದವು. ಅವಳು ಚಿಲಕ ತೆಗೆದು ಹೊರಗೆ ಬಂದಳು.

"ಟೀಚರೇ, ನಿಮ್ಮ ನಿದ್ದೆ ನಿಮಗೇ ಇರಲಿ. ಮುಂಗಡ ಕೊಟ್ಬಿಡಿ, ಸಾಕು."

ಟೀಚರು ಮುಂಗಡ ತಂದು ಕೈಗಿಟ್ಟು, ಅವಳನ್ನು ತಬ್ಬಿಕೊಂಡೇ ಬಿಟ್ಟರು. ಕರಾರು ರದ್ದೆಂದು ಇಬ್ಬರೂ ಸಹಿ ಹಾಕಿದರು.

ಬಿಸಿಲೇರಿದ ಬೀದಿಯಲ್ಲಿ ಅದೇ ಗಾಡಿ ವಾಪಸ್ಸು. ಗಂಡನ ಟೀವಿಯ ಸದ್ದಿನ ಮೇಲೂ ಅವಳಿಗೆ ಅಂದು ಪ್ರೀತಿ ಉಕ್ಕುತ್ತಿತ್ತು. ಪಾರ್ಲರಿನ ಬಾಗಿಲಲ್ಲೇ ನಿಂತು ಕೂಗಿದಳು: "ನಾನೆಲ್ಲೂ ಹೋಗ್ತಿಲ್ಲ ಕಣೇ! ನಿನ್ನ ಮುಂಗಡ ವಾಪಸ್ ತಗೋ!"

ಪಾರ್ಲರಿನವಳ ಕೈಯ ಬ್ರಷ್ಷು ನಿಂತಿತು. "ಅಕ್ಕಾ, ಕೊಟ್ಟ ಮಾತು ಅಂದ್ರೆ ಹುಡುಗಾಟವಾ?"

ಕುರ್ಚಿಗೊರಗಿ ಮುಖಕ್ಕೆ ಬಿಳಿ ಲೇಪ ಮೆತ್ತಿಸಿಕೊಂಡಿದ್ದಾಕೆ ಕಣ್ಣು ತೆರೆಯದೆಯೇ ಹೇಳಿದಳು: "ಎರಡು ದಾರಿ ಇದೆ..."

ದನಿ ವಕೀಲೆಯದು.

"ಗೊತ್ತು ಮೇಡಂ, ನಂಗೆ ಮನೆನೇ ಬೇಕು," ಎಂದಳು ಪಾರ್ಲರಿನವಳು. "ತಯಾರೀನೂ ತೋರಿಸಿದೀನಿ. ಮೇಲೆ ಹೋಗಿ ನೋಡಿ ಅಕ್ಕಾ."

ಟೈಲರಮ್ಮ ಮೆಟ್ಟಿಲು ಹತ್ತಿ ನೋಡಿದಳು. ಟೀವಿಗೂ ಮಂಚಕ್ಕೂ ಮಧ್ಯೆ, ಮಿಷನ್ನಿದ್ದ ಜಾಗದಲ್ಲಿ, ಪಾರ್ಲರಿನ ದೊಡ್ಡ ಕನ್ನಡಿ ನಿಂತಿತ್ತು. ಅದರ ಮುಂದೆ ತಲೆಗೆ ಕಪ್ಪು ಬಣ್ಣ ಹಚ್ಚಿಸಿಕೊಂಡು ಕೂತಿದ್ದ ಅತ್ತೆ, "ಹೇಗೆ ಕಾಣ್ತೀನೇ?" ಎಂದರು.

ಕೆಳಗಿನಿಂದ ಗಾಡಿಯವನು ಕೂಗಿದ: "ಅಮ್ಮಾ, ಮಿಷನ್ ಎಲ್ಲಿ ಇಳಿಸ್ಲಿ?"

ಈಗ ಟೈಲರಮ್ಮನ ಬಾಯಲ್ಲಿ ಒಂದು ಪಿನ್ನೂ ಇರಲಿಲ್ಲ. ಆದರೂ ಮಾತು ಹೊರಡಲಿಲ್ಲ.