ದೊರೆಯ ಸೊಂಟಕ್ಕೆ ತಯಾರಿ

ಮಸಾಜು ಎಂದಮೇಲೆ ಎಣ್ಣೆ ಇರಲೇಬೇಕು ಎಂದುಕೊಂಡದ್ದೇ ಗಡಿಬಿಡಿಯಣ್ಣನ ತಪ್ಪು.

ಲಾಯದ ಹಿರಿಯ ಕುದುರೆ ದೊರೆಗೆ ಸೊಂಟ ಹಿಡಿದು ತಿಂಗಳಾಗಿತ್ತು. ಕತ್ತಲಾಗುವ ತನಕ ಅದನ್ನು ಮೆಲ್ಲಗೆ ನಡೆದಾಡಿಸುವುದು ಗಡಿಬಿಡಿಯಣ್ಣನ ಪಾಲಿಗೆ ಬಂದಿತ್ತು. ಇಂದು ಸಂಜೆ ಮಸಾಜಿನ ಡಾಕ್ಟರಮ್ಮ ಬರುವವರಿದ್ದರು.

"ಅವರು ಬರೋಷ್ಟರಲ್ಲಿ ಕುದುರೆ ತಯಾರಿರ್ಲಿ," ಎಂದಿದ್ದರು ಯಜಮಾನರು. "ಸೊಂಟ ಸರಿಹೋದ್ರೆ ನೀನೂ ಬೇಗ ಮನೆಗೆ ಹೋಗ್ಬಹುದು."

ಅಷ್ಟು ಸಾಕಾಗಿತ್ತು. ಅವನು ಮನೆ ಸೇರುವಷ್ಟರಲ್ಲಿ ಮಗಳು ನಿದ್ದೆಹೋಗಿರುತ್ತಿದ್ದಳು. ಆ ಮಗುವಿನ ಪಾಲಿಗೆ ಅಪ್ಪ ಎಂದರೆ ಬೆಳಗಿನ ಹೊತ್ತು ಚಪ್ಪಲಿ ಹುಡುಕುವ ಯಾರೋ ಒಬ್ಬ ಗಂಡಸು.

ಕತ್ತಿನಿಂದ ಬಾಲದವರೆಗೆ ಎಣ್ಣೆ ತಿಕ್ಕಿ ಮುಗಿಸುವಾಗ ಲಾಳ ಹೊಡೆಯುವವನು ಬಾಗಿಲಲ್ಲಿ ನಿಂತ.

"ಏನಣ್ಣ, ಕುದುರೇನ ಬಾಣಲೆಗೆ ಹಾಕ್ತೀಯಾ? ಹಿಂಗಿದ್ರೆ ಆಯಮ್ಮನ ಕೈ ಜಾರುತ್ತೆ. ಮೈ ಒಣಗಿರ್ಬೇಕು, ಶುಚಿಯಾಗಿರ್ಬೇಕು."

ಬಿಸಿನೀರು ಬಂತು, ಸಾಬೂನು ಬಂತು. ಎಣ್ಣೆ ಮಾತ್ರ ಬೀಡುಬಿಟ್ಟ ನೆಂಟನಂತೆ ಜಪ್ಪಯ್ಯ ಎಂದರೂ ಹೊರಡಲಿಲ್ಲ. ಎರಡೂ ಮುಷ್ಟಿ ಊರಿ ಉಜ್ಜಿ ಉಜ್ಜಿ ಅದನ್ನು ಕಳಿಸಿಕೊಟ್ಟ.

"ಒದ್ದೆ ಮೈಯಲ್ಲಿ ನಿಲ್ಲಿಸ್ಬೇಡಪ್ಪಾ, ಥಂಡಿ ಹತ್ತುತ್ತೆ," ಎಂದರು ಕಾವಲಿನ ತಾತ. "ನಾಲ್ಕು ಸುತ್ತು ನಡೆಸು."

ನಡೆಸಿದ. ಅಂಗಳದ ನಡುವೆ ದೊರೆ ನಿಂತಿತು, ಪಂಚಾಯಿತಿ ಮುಖಂಡನಂತೆ ಗಂಭೀರವಾಗಿ ಯೋಚಿಸಿತು, ಆಮೇಲೆ ಕೆಸರಿನಲ್ಲಿ ಮಲಗಿ ಹೊರಳಿತು.

"ಬಿಸಿನೀರು ಇನ್ನೂ ಇದೆಯಾ?" ಎಂದು ತಾತ ಕೇಳಿದರು. ಮತ್ತೆ ಬಿಸಿನೀರು, ಮತ್ತೆ ಮುಷ್ಟಿ, ಆಮೇಲೆ ಒಣಬಟ್ಟೆ, ಬ್ರಷ್ಷು. ಡಾಕ್ಟರಮ್ಮ ಬಂದಾಗ ದೊರೆ ಫಳಫಳ ಹೊಳೆಯುತ್ತಿತ್ತು. ಸೊಂಟ ಹಿಡಿದುಕೊಂಡು ನಿಂತವನು ಗಡಿಬಿಡಿಯಣ್ಣ.

ಡಾಕ್ಟರಮ್ಮ ಬೆನ್ನುದ್ದಕ್ಕೂ ಒತ್ತಿ ನೋಡಿದರು. ಇನ್ನೊಂದು ಮಗ್ಗುಲಿಗೆ ಹೋಗಿ ಒತ್ತಿದರು. ಕುದುರೆಯನ್ನು ನಡೆಸಿ ನೋಡಿದರು. ಅದು ಮದುವೆ ಗಂಡಿನಂತೆ ನೆಟ್ಟಗೆ ನಡೆಯಿತು.

"ಎಲ್ಲೂ ಗಂಟೇ ಇಲ್ವಲ್ಲ. ಯಾರು ಮಸಾಜು ಮಾಡಿದ್ದು?"

"ಮಸಾಜು ಯಾರೂ ಮಾಡಿಲ್ಲ ಅಮ್ಮಾ. ನಾನು ಬರೀ ತಯಾರಿ ಮಾಡ್ದೆ."

"ಇದಕ್ಕಿಂತ ಚೆನ್ನಾಗಿ ನಾನೂ ಮಾಡ್ತಿರ್ಲಿಲ್ಲ," ಎಂದರು ಡಾಕ್ಟರಮ್ಮ.

ಗಡಿಬಿಡಿಯಣ್ಣ ಮೊಳೆಗೆ ತೂಗುಹಾಕಿದ್ದ ಅಂಗಿ ತೆಗೆದುಕೊಂಡು ಒಂದು ತೋಳು ತೂರಿಸಿದ.

ಪಕ್ಕದಲ್ಲೇ ನಿಂತಿದ್ದ ಯಜಮಾನರು ಅವನ ಕೈಗಳನ್ನು ಹೊಸದಾಗಿ ಕಂಡವರಂತೆ ನೋಡಿದರು. "ಮನೇಲೇ ಇಂಥ ಕೈ ಇಟ್ಕೊಂಡು ಹೊರಗಿನವರಿಗೆ ಯಾಕೆ ತೊಂದ್ರೆ ಕೊಡೋದು? ಇವತ್ತಿಂದ ದಿನಾ ಸಂಜೆ ಎಲ್ಲಾ ಕುದುರೆಗಳಿಗೂ ಹಿಂಗೇ ತಯಾರಿ ಮಾಡಿಬಿಡು."

ಡಾಕ್ಟರಮ್ಮ ನೆಮ್ಮದಿಯ ಉಸಿರುಬಿಟ್ಟು ಚೀಲ ಮುಚ್ಚಿದರು.

"ಒಳ್ಳೇದಾಯ್ತು ಬಿಡಿ. ಇವತ್ತಾದ್ರೂ ಮಗ ಮಲಗೋಕೆ ಮುಂಚೆ ಮನೆ ಸೇರ್ತೀನಿ."

ಗಡಿಬಿಡಿಯಣ್ಣ ತೂರಿಸಿದ ತೋಳನ್ನು ಹೊರಗೆಳೆದು, ಅವರ ಚೀಲವನ್ನು ಗೇಟಿನವರೆಗೆ ಹೊತ್ತುಕೊಟ್ಟು ಬಂದ.